ಬಿಸಿ ತಾಗಿದ ಒಂದು ಇಂಚು

ಮೇ ೨೯, ಗುರುವಾರ

ಇವತ್ತು ಮಧ್ಯಾಹ್ನ ಹನ್ನೆರಡೂವರೆಗೆ ಎದೆ ಧಸಕ್ಕೆಂದಿದ್ದು ಇನ್ನೂ ಸರಿಹೋಗಿಲ್ಲ. ಯಾರ ಹತ್ತಿರವೂ ಹೇಳುವ ಹಾಗಿಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಬಿಟ್ಟಿದ್ದ ಡೈರಿಯನ್ನು ಆಫೀಸಿನ ಮೇಜಿನ ಖಾನೆಯಿಂದ ಹುಡುಕಿ ತೆಗೆದು ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ರಾಯಪುರಂ ಕಡೆ ದೋಣಿ ನಿಲ್ಲುವ ಖಾಸಗಿ ಧಕ್ಕೆಗೆ ನಾನು ಮಾಡಿದ ಕಾಲುಸೇತುವೆಯ ಕೊನೆಯ ನಕ್ಷೆ ಕೊಡಬೇಕಿತ್ತು. ಕಟ್ಟಿದ್ದು ಹೇಗಿದೆಯೋ ಹಾಗೇ ಬರೆದುಕೊಡುವುದು, ತೂಕಡಿಸಿಕೊಂಡು ಮಾಡುವ ಕೆಲಸ. ಹದಿನಾಲ್ಕು ಮೀಟರ್ ಉದ್ದದ ಎರಡು ಅಲ್ಯೂಮಿನಿಯಂ ತೊಲೆ, ಮೇಲೆ ಹಲಗೆ. ಒಂದು ತುದಿ ದಡದ ಮೇಲೆ, ಇನ್ನೊಂದು ನೀರಿನಲ್ಲಿ ತೇಲುವ ಕಟ್ಟೆಯ ಮೇಲೆ. ದೋಣಿಯಿಂದ ಇಳಿದ ಮೀನನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಇದರ ಮೇಲೆ ದಡಕ್ಕೆ ತರುತ್ತಾರೆ. ಫೋಟೊ ನೋಡುತ್ತ ಗೆರೆ ಎಳೆಯುತ್ತಿದ್ದೆ. ತೊಲೆಗಳ ಕೆಳಮೈಯಲ್ಲಿ, ಸರಿಯಾಗಿ ನಟ್ಟನಡುವೆ, ನಾನು ಬರೆಯದೇ ಇದ್ದ ಆರು ಬ್ರ್ಯಾಕೆಟ್ ಕಂಡವು. ನೀರಿನ ಪೈಪು ಹಿಡಿಯುವುದಕ್ಕಂತೆ. ಸುತ್ತಲೂ ಚೆಂದವಾಗಿ ಬೆಸುಗೆ ಹಾಕಿದ್ದಾರೆ.

ಯಾವ ದರಿದ್ರದವನಪ್ಪಾ ಇದನ್ನು ಹಾಕಿದ್ದು ಎಂದು ಬೈದುಕೊಂಡೇ ಫೋನ್ ತೆಗೆದೆ. ನಮ್ಮ ವೆಲ್ಡರ್ ಸೂಸೈ ಏಪ್ರಿಲ್ ಹತ್ತೊಂಬತ್ತಕ್ಕೆ ಫೋಟೊ ಕಳಿಸಿ ಇಲ್ಲಿ ಹಾಕಲೇ ಎಂದು ಕೇಳಿದ್ದಾನೆ. ಅದರ ಕೆಳಗೆ ಓಕೆ ಎಂದು ನಾನೆತ್ತಿದ ಹೆಬ್ಬೆರಳು. ನಾನು ಒಂದು ನಿಮಿಷ ಕೂಡ ತೆಗೆದುಕೊಂಡಿಲ್ಲ.

ಉಕ್ಕಿನಲ್ಲಾದರೆ ಇದು ಏನೂ ಅಲ್ಲ. ಇಪ್ಪತ್ತು ವರ್ಷ ಉಕ್ಕಿನ ನಕ್ಷೆ ಮಾಡಿದವಳು ನಾನು. ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಅಪ್ಪ ಎಲ್ಲಿ ಬೇಕೋ ಅಲ್ಲಿ ತುಂಡು ಅಂಟಿಸುವುದನ್ನು ನೋಡಿಕೊಂಡೇ ಬೆಳೆದೆ. ಆದರೆ ಈ ಅಲ್ಯೂಮಿನಿಯಂಗೆ ಕಾರ್ಖಾನೆಯಲ್ಲಿ ಹದವಾಗಿ ಕಾಯಿಸಿ ಬಲ ಬರಿಸಿರುತ್ತಾರೆ. ಬೆಸುಗೆಯ ಬಿಸಿ ತಾಗಿದ ಕಡೆ, ಆಚೆಗೊಂದು ಇಂಚು ಈಚೆಗೊಂದು ಇಂಚು, ಆ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದುಹೋಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಅದಕ್ಕೇ ನಾನು ನಡುವಿನ ಐದು ಮೀಟರಿನಲ್ಲಿ ಒಂದೇ ಒಂದು ಬೆಸುಗೆ ಇಡದೆ ಎಲ್ಲಕ್ಕೂ ಬೋಲ್ಟ್ ಬರೆದಿದ್ದೆ. ಹೊಸಬರಿಗೆ ಬೋರ್ಡಿನ ಮೇಲೆ ಬರೆದು ಬರೆದು ಹೇಳಿಕೊಡುವವಳೂ ನಾನೇ. ನನ್ನ ತಲೆಗಿಷ್ಟು!

ಯಾರಿಗಾದರೂ ಗೊತ್ತಾದರೆ ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಮಣ್ಣುಪಾಲು. ತುಂಗಾ ಮೇಡಂ ಹಾಕಿದ ಲೆಕ್ಕವನ್ನು ಇನ್ನೊಬ್ಬರು ನೋಡಬೇಕಾಗಿಲ್ಲ ಎನ್ನುತ್ತಾರೆ ಆಫೀಸಿನಲ್ಲಿ. ಇನ್ನು ಏನೆನ್ನುತ್ತಾರೋ.

ಮೇ ೩೦, ಶುಕ್ರವಾರ

ಲೆಕ್ಕ ಮೂರು ಸಲ ಹಾಕಿದೆ. ಮೂರು ಸಲವೂ ಅದೇ ಉತ್ತರ.

ಸೇತುವೆ ತುಂಬಿದರೆ ಎಂಬತ್ತು ಜನ, ಬುಟ್ಟಿ ಸೇರಿ ಎಂಟು ಟನ್ ಚಿಲ್ಲರೆ. ಬಿಸಿ ತಾಗಿದ ಜಾಗ ಅಷ್ಟನ್ನು ತಡೆಯುವುದಿಲ್ಲ. ಐವತ್ತು ಜನಕ್ಕೇ ತೊಲೆ ಬಗ್ಗಿ ಹಾಗೇ ಉಳಿಯಬಹುದು. ಅದರ ಮೇಲೆ ಎಷ್ಟಕ್ಕೆ ಹರಿಯುತ್ತದೆ ಎಂದು ಕಾಗದದ ಮೇಲೆ ಹೇಳುವುದಕ್ಕಾಗುವುದಿಲ್ಲ.

ಒಂದೇ ಸಮಾಧಾನ. ಏಪ್ರಿಲ್ ಮಧ್ಯದಿಂದ ಎರಡು ತಿಂಗಳು ಮೀನು ಹಿಡಿಯುವುದಕ್ಕೆ ನಿಷೇಧ, ದೊಡ್ಡ ದೋಣಿ ಯಾವುದೂ ಸಮುದ್ರಕ್ಕೆ ಇಳಿಯುವುದಿಲ್ಲ. ಸೇತುವೆಯ ಮೇಲೆ ಈಗ ಕಾಗೆ ಮಾತ್ರ ಓಡಾಡುತ್ತಿರಬೇಕು. ಜೂನ್ ಹದಿನೈದಕ್ಕೆ ನಿಷೇಧ ಮುಗಿಯುತ್ತದೆ. ಹದಿನಾರು ದಿನ ಇದೆ. ಅಷ್ಟರಲ್ಲಿ ಯಾರಿಗೂ ತಿಳಿಯದ ಹಾಗೆ ಏನಾದರೂ ಮಾಡಿದರಾಯಿತು.

ಜೂನ್ ೧, ಭಾನುವಾರ

ಮನಸ್ಸು ತಡೆಯಲಿಲ್ಲ. ತಾಂಬರಂನಿಂದ ಬೀಚ್ ಸ್ಟೇಷನ್ನಿಗೆ ಟ್ರೇನಿನಲ್ಲಿ ಹೋಗಿ, ಆಟೊ ಹಿಡಿದು ಧಕ್ಕೆಗೆ ಹೋದೆ. ನೀರು ಇಳಿದಿತ್ತು. ದಡದ ಕಲ್ಲಿನ ಮೇಲೆ ಕೂತು ಬಗ್ಗಿ ನೋಡಿದೆ. ಸೇತುವೆ ಅಂಗಡಿಯ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಎಲ್ಲಾದರೂ ಸೊಟ್ಟಗಾಗಿದ್ದರೆ ಸಮಾಧಾನವಾಗುತ್ತಿತ್ತೇನೋ.

ಸೂಸೈ ಮನೆ ಅಲ್ಲೇ ಹಿಂದಿನ ಸಾಲಿನಲ್ಲಿದೆ. ನನ್ನನ್ನು ಕಂಡು ಓಡಿ ಬಂದ, ಹೆಂಡತಿ ಅಮಲಾಳನ್ನೂ ಕರೆದ. ಅವಳು ಮೀನು ಮಾರುವವಳು. ಮೊದಲು ಅಲ್ಲಿ ಎರಡು ಮರದ ಹಲಗೆ ಇತ್ತಂತೆ, ಹೋದ ವರ್ಷ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳಂತೆ. ಈಗ ಭಯವಿಲ್ಲ ಎಂದು ಹೇಳುತ್ತ ಆ ಕೈಯನ್ನೇ ತಿರುಗಿಸಿ ತೋರಿಸಿದಳು. ದೋಣಿ ಬರುವ ದಿನಕ್ಕೆ ಅವಳ ಸಾಲಿನ ಹೆಂಗಸರೆಲ್ಲ ಹೊಸ ಬುಟ್ಟಿ ತೆಗೆದಿಟ್ಟುಕೊಂಡಿದ್ದಾರೆ. ಸೂಸೈ ಸೇತುವೆಯ ನಡುವೆ ನಿಂತು ಎರಡು ಸಲ ಕುಪ್ಪಳಿಸಿ ತೋರಿಸಿದ. ನನಗೆ ಜೀವ ಬಾಯಿಗೆ ಬಂತು.

ಟೀ ಕೊಟ್ಟರು, ಕುಡಿದೆ, ಚೆನ್ನಾಗಿದೆ ಎಂದೆ. ಹೇಳಬೇಕಾದ್ದು ಒಂದನ್ನೂ ಹೇಳದೆ ಬಂದೆ. ನಾಳೆ ಮೊದಲು ಬ್ರ್ಯಾಕೆಟ್ ಕೊಯ್ಯಿಸಿ ತೆಗೆಸುವ ದಾರಿ ನೋಡಬೇಕು.

ಜೂನ್ ೩, ಮಂಗಳವಾರ

ಬ್ರ್ಯಾಕೆಟ್ ತೆಗೆದರೂ ಮೆತ್ತಗಾದ ಲೋಹ ಮೆತ್ತಗೇ ಇರುತ್ತದೆ. ಅಷ್ಟೂ ಹೊಳೆಯಲಿಲ್ಲ ನನಗೆ ಮೊನ್ನೆ. ಭಯ ಬಿದ್ದರೆ ಬುದ್ಧಿ ಹೋಗುತ್ತದೆ, ಇದ್ದದ್ದೇ ಸ್ವಲ್ಪ.

ಜೂನ್ ೪, ಬುಧವಾರ

ಮೂರು ದಿನದಿಂದ ಡಬ್ಬಿಯ ಊಟ ಹಾಗೇ ವಾಪಸ್ ಬರುತ್ತಿದೆ. ಅಮ್ಮ ಇವತ್ತು ಹಿಡಿದುಕೊಂಡಳು. ಚಿಕ್ಕತಾಯಮ್ಮ ಎಂದರೆ ನಮ್ಮ ಫ್ಲಾಟಿನವರಿಗೆಲ್ಲ ಭಯ, ನನಗಂತೂ ಐವತ್ತರ ಹತ್ತಿರವಾದರೂ ಭಯ. ನಲವತ್ತು ವರ್ಷ ಈ ಊರಿನಲ್ಲಿದ್ದರೂ ಅವಳ ಬಾಯಿಯಿಂದ ಮಂಡ್ಯ ಹೋಗಿಲ್ಲ.

"ಯಾರಾರ ಸತ್ತವ್ರೇನವ್ವ?" ಎಂದು ಕೇಳಿದಳು.

"ಇನ್ನೂ ಇಲ್ಲ" ಎಂದುಬಿಟ್ಟೆ.

ಅಮ್ಮ ಮೊರದಲ್ಲಿದ್ದ ಅಕ್ಕಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ತಪ್ಪಿಸಿಕೊಳ್ಳುವುದಕ್ಕಾಗಲಿಲ್ಲ. ಸೇತುವೆ, ಬ್ರ್ಯಾಕೆಟ್, ಬಿಸಿ ತಾಗಿದ ಜಾಗ, ಹೆಬ್ಬೆರಳು, ಎಲ್ಲ ಹೇಳಿದೆ. ಅತ್ತೂಬಿಟ್ಟೆ, ನಾಚಿಕೆಯಿಲ್ಲದೆ. ಬಿಡವ್ವ, ಏನೂ ಆಗಾಕಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಇದನ್ನ ಆ ಹೆಣ್‌ಮಕ್ಕಳಿಗೆ ಹೇಳೋದ್ ಬಿಟ್ಟು ನನ್ಗ್ಯಾಕ್ ಹೇಳ್ತಿದ್ದೀಯೆ?" ಎಂದಳು. ಮೊರ ತೆಗೆದುಕೊಂಡು ಒಳಗೆ ಹೋದಳು.

ತಾಯಿಯಂತೆ ತಾಯಿ.

ಜೂನ್ ೭, ಶನಿವಾರ

ದಾರಿ ಒಂದಿದೆ. ಮೆತ್ತಗಾದ ಜಾಗವನ್ನು ದಾಟಿ ಎರಡೂ ಕಡೆ ಗಟ್ಟಿ ಲೋಹವನ್ನು ಹಿಡಿಯುವ ಹಾಗೆ ಉದ್ದನೆಯ ದಪ್ಪ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಯುವುದು. ಬೆಂಕಿಯ ಮಾತೇ ಇಲ್ಲ. ನಕ್ಷೆ ಬರೆದಾಯಿತು. ಪಟ್ಟಿ ಕೊಯ್ದು ತೂತು ಹೊಡೆಯಲು ಐದು ದಿನ, ಸೇತುವೆ ಮುಚ್ಚಿ ಕೂರಿಸಲು ಮೂರು ದಿನ. ಯಾರಿಗೂ ತಿಳಿಯದ ಹಾಗೆ ಮಾಡುವ ಕೆಲಸವಲ್ಲ, ಆಫೀಸಿನ ಯಜಮಾನರಿಗೆ ಹೇಳಲೇಬೇಕು.

ಮೂರು ಸಲ ಅವರ ಬಾಗಿಲವರೆಗೆ ಹೋದೆ. ಮೂರು ಸಲವೂ ತಿರುಗಿ ಬಂದು ಕಾಫಿ ಕುಡಿದೆ. ಮೂರನೆಯ ಕಾಫಿಗೆ ಹೊಟ್ಟೆ ಉರಿಯಿತು, ಅಷ್ಟೇ ಲಾಭ. ಇವತ್ತು ಹೇಳಿದ್ದರೆ ಹದಿನೈದಕ್ಕೆ ಸರಿಯಾಗಿ ಮುಗಿಯುತ್ತಿತ್ತು.

ಜೂನ್ ೯, ಸೋಮವಾರ

ಹೇಳಿದೆ.

ನಮ್ಮ ಆಫೀಸಿನ ಯಜಮಾನರು ಸುಜಯೀಂದ್ರ, ರಾಯಚೂರಿನವರು. ಪೋರೂರಿನ ಈ ಆಫೀಸನ್ನು ಒಂದು ಶೆಡ್ಡಿನಿಂದ ಬೆಳೆಸಿದವರು. ಕೂಗಾಡುವ ಜನ ಅಲ್ಲ, ಅದೇ ಕಷ್ಟ. ಪೂರ್ತಿ ಕೇಳಿಸಿಕೊಂಡು ಕನ್ನಡಕ ಒರೆಸಿದರು. ಏಪ್ರಿಲ್ ಹನ್ನೆರಡಕ್ಕೆ ನಮ್ಮ ಅಂಗಳದಲ್ಲೇ ಮರಳಿನ ಮೂಟೆ ಹೇರಿ ಪರೀಕ್ಷೆ ಮಾಡಿದ್ದೆವಲ್ಲ, ಪಾಸಾಗಿದೆಯಲ್ಲ ಎಂದರು. ಬ್ರ್ಯಾಕೆಟ್ ಹಾಕಿದ್ದು ಅದಾಗಿ ಒಂದು ವಾರಕ್ಕೆ ಎಂದೆ.

"ನೀವು ಸುಮ್ನ ಅಂಜ್ತೀರಿ, ಮೇಡಂ" ಎಂದರು. "ಪಟ್ಟಿ ಮಾಡಿಸೂಣು. ಆದ್ರ ಸೀಸನ್ ಶುರುವಾಗೂ ಹೊತ್ತಿನ್ಯಾಗ ಸೇತುವೆ ಮುಚ್ಚರಿ ಅಂತ ಯಾವ ಬಾಯೀಲೆ ಹೇಳೂದು? ಇಪ್ಪತ್ತನೇ ತಾರೀಖಿನ ಮ್ಯಾಲೆ ನೋಡೂಣಂತ."

ಅಲ್ಲಿಯವರೆಗೆ ಒಮ್ಮೆಗೆ ಇಪ್ಪತ್ತೇ ಜನ ಎಂದು ಒಂದು ಬೋರ್ಡ್ ಹಾಕಿಸೋಣ ಎಂದರು. ಯಾರಾದರೂ ಕೇಳಿದರೆ ವೆಲ್ಡಿಂಗ್ ಸರಿಯಾಗಿರಲಿಲ್ಲ, ಸೂಸೈ ಕೆಲಸ ಕೆಟ್ಟಿದೆ ಎಂದು ಹೇಳಿದರಾಯಿತು, ನಿಮ್ಮ ಹೆಸರು ಬರುವುದಿಲ್ಲ ಎಂದರು.

ನಾನು ಹೂಂ ಎಂದೆ. ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ. ಹೂಂ ಎಂದೆ, ಥ್ಯಾಂಕ್ಸ್ ಅಂತಲೂ ಎಂದೆ.

ಜೂನ್ ೧೦, ಮಂಗಳವಾರ

ಬೆಳಿಗ್ಗೆ ಮೇಜಿನ ಮೇಲೆ ಕಾಗದ ಬಂದು ಕೂತಿತ್ತು. ವೆಲ್ಡರನ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡುಬಂದಿದೆ, ಕೆಳಗೆ ಸಹಿಗೆ ಜಾಗ, ತುಂಗಾ. ಪೆನ್ನಿನ ಮುಚ್ಚಳ ತೆಗೆದೆ. ಸೂಸೈ ಬೆಸುಗೆ ಎಂದರೆ ಒಂದು ಗುಳ್ಳೆ ಇಲ್ಲ, ಒಂದು ಬಿರುಕಿಲ್ಲ. ಅವನ ಹತ್ತು ವರ್ಷದ ಕೆಲಸದಲ್ಲಿ ನಾನು ಬೈಯುವುದಕ್ಕೆ ಕಾರಣ ಸಿಕ್ಕಿದ್ದು ಅವನ ಬೀಡಿ ಮಾತ್ರ. ಮುಚ್ಚಳ ಹಾಕಿ ಇಟ್ಟೆ.

ಹೊರಗೆ ಹೋಗಿ ಸೂಸೈಗೆ ಫೋನ್ ಮಾಡಿದೆ. ಜನರೇಟರ್ ಕಟ್ಟೆಯ ಮೇಲೆ ಕೂತೆ. ಆ ಜಾಗದಲ್ಲಿ ಬೆಂಕಿ ತಾಗಿಸಬಾರದಾಗಿತ್ತು, ತೊಲೆ ಮೆತ್ತಗಾಗಿದೆ, ಹದಿನೈದನೇ ತಾರೀಖು ಕಳೆದು ಜನ ತುಂಬಿದರೆ ತಡೆಯುವುದಿಲ್ಲ ಎಂದು ನನ್ನ ತಮಿಳಿನಲ್ಲಿ ಹೇಳಿದೆ.

"ನೀಂಗ ತಾನೆ ಓಕೆ ಸೊನ್ನೀಂಗ?" ಎಂದ. ನೀವೇ ತಾನೆ ಓಕೆ ಎಂದಿದ್ದು ಎಂದು.

ಹೌದು, ನಾನೇ ಎಂದೆ. ಫೋನ್ ಇಟ್ಟುಬಿಟ್ಟ.

ಜೂನ್ ೧೩, ಶುಕ್ರವಾರ

ಪಟ್ಟಿಗಳು ಇವತ್ತು ಬೆಳಿಗ್ಗೆಯಷ್ಟೇ ಕೊಯ್ಯಲು ಹೋದವು. ಇಪ್ಪತ್ತಕ್ಕೆ ಮುಂಚೆ ಬರುವುದಿಲ್ಲ.

ಧಕ್ಕೆಯ ಮಾಲೀಕರಿಗೆ ನಾನೇ ಕಾಗದ ಬರೆದೆ. ಸೇತುವೆ ಮುಚ್ಚಿ, ನಕ್ಷೆಗೆ ವಿರುದ್ಧವಾಗಿ ನಡುವೆ ಬೆಸುಗೆ ಹಾಕಲು ಒಪ್ಪಿದ್ದು ನಾನು, ವೆಲ್ಡರನದು ತಪ್ಪಿಲ್ಲ ಎಂದು ನಾಲ್ಕೇ ಸಾಲು. ಕಳಿಸುವ ಗುಂಡಿ ಒತ್ತಿದೆ. ಉತ್ತರ ಬರಲಿಲ್ಲ. ಸಂಜೆ ನಾಲ್ಕು ಸಲ ಫೋನ್ ಮಾಡಿದೆ. ಸಾಹೇಬರು ಮದುವೆಗೆ ಹೋಗಿದ್ದಾರೆ, ಸೋಮವಾರ ಹತ್ತಕ್ಕೆ ಸಿಗುತ್ತಾರೆ ಎಂದು ಮ್ಯಾನೇಜರ್ ಹೇಳಿದ. ಸೋಮವಾರ ಬೆಳಕು ಹರಿಯುವುದಕ್ಕೆ ಮೊದಲೇ ದೋಣಿಗಳು ಮೀನು ತುಂಬಿಕೊಂಡು ಬರುತ್ತವೆ. ಅದನ್ನೂ ಅವನಿಗೆ ಹೇಳಿದೆ. ಬೋರ್ಡ್ ಹಾಕಿದ್ದೇವಲ್ಲ ಮೇಡಂ ಎಂದ.

ಜೂನ್ ೧೫, ಭಾನುವಾರ

ದೋಣಿಗಳು ಹೊರಟವು. ಟಿವಿಯಲ್ಲಿ ತೋರಿಸಿದರು, ಪಟಾಕಿ, ಹೂವಿನ ಹಾರ.

ಮಧ್ಯಾಹ್ನ ಸೂಸೈ ಒಂದು ಫೋಟೊ ಕಳಿಸಿದ, ಮಾತಿಲ್ಲದೆ. ಇಪ್ಪತ್ತೇ ಜನ ಎಂಬ ಬೋರ್ಡಿನ ಮೇಲೆ ಯಾರೋ ಬಲೆ ಒಣಹಾಕಿದ್ದಾರೆ. ಅಮ್ಮನಿಗೆ ತೋರಿಸಿದೆ. ನಾಳೆ ಎಷ್ಟು ಹೊತ್ತಿಗೆ ಏಳಿಸಲಿ ಎಂದಳು.

ಜೂನ್ ೧೬, ಸೋಮವಾರ

ವಾಪಸ್ ಬರುವ ಟ್ರೇನಿನಲ್ಲಿ ಬರೆಯುತ್ತಿದ್ದೇನೆ. ಸೀರೆಯೆಲ್ಲ ಮೀನಿನ ವಾಸನೆ, ಪಕ್ಕದ ಸೀಟು ಖಾಲಿ.

ಮೊದಲ ಟ್ರೇನಿಗೇ ಹೊರಟಿದ್ದೆ. ನಾನು ಧಕ್ಕೆ ಮುಟ್ಟಿದಾಗ ಆಗಷ್ಟೇ ಬೆಳಕು ಬಿಡುತ್ತಿತ್ತು. ದೋಣಿಗಳ ದೀಪ ಕಾಣುತ್ತಿದ್ದವು. ದಡದಲ್ಲಿ ನೂರಕ್ಕೂ ಮೇಲೆ ಹೆಂಗಸರು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬುಟ್ಟಿ ಹಿಡಿದು ನಿಂತಿದ್ದರು. ಎರಡು ತಿಂಗಳು ಒಲೆ ಹೇಗೆ ಉರಿಸಿದರೋ, ಅವರ ಮುಖದಲ್ಲೇ ಬರೆದಿತ್ತು. ನಾನು ಹೋಗಿ ಸೇತುವೆಯ ಬಾಯಿಗೆ ಅಡ್ಡ ನಿಂತೆ.

ಈ ಸೇತುವೆಯನ್ನು ಲೆಕ್ಕ ಹಾಕಿ ಮಾಡಿದವಳು ನಾನು, ಇದರಲ್ಲಿ ನಾನು ತಪ್ಪು ಮಾಡಿದ್ದೇನೆ, ತುಂಬ ಜನ ಹತ್ತಿದರೆ ಮುರಿಯುತ್ತದೆ ಎಂದೆ. ಹಿಂದಿನವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದೆ. ಬೈಗುಳ ಶುರುವಾಯಿತು. ನಾನು ಕೇಳದೇ ಇದ್ದ ತಮಿಳು ಎಷ್ಟಿದೆ ಎಂದು ಇವತ್ತು ಗೊತ್ತಾಯಿತು. ಒಬ್ಬಳು ನನ್ನ ಭುಜ ಹಿಡಿದು ಪಕ್ಕಕ್ಕೆ ನೂಕಿದಳು. ನಾನು ಸೇತುವೆಯ ಪಕ್ಕದ ಕಂಬಿ ಬಿಡಲಿಲ್ಲ. ದೋಣಿಯಿಂದ ಮೀನು ಆಗಲೇ ಕಟ್ಟೆಗೆ ಬೀಳುತ್ತಿತ್ತು.

ಅಮಲಾ ಮುಂದೆ ಬಂದಳು. ಅವಳಿಗೆ ಗಂಡ ಎಲ್ಲ ಹೇಳಿದ್ದಾನೆಂದು ನೋಟದಲ್ಲೇ ತಿಳಿಯಿತು. ನಿನ್ನೆ ಮೊನ್ನೆ ಎಲ್ಲಿದ್ದೆ ನೀನು ಎಂದು ಕೇಳಿದಳು. ಈ ಪ್ರಶ್ನೆ ಕೇಳಬೇಕಾದವಳೇ ಅವಳು. ಭಯವಾಗಿತ್ತು ಎಂದೆ. ಅವಳು ನೆಲಕ್ಕೆ ಉಗಿದಳು. ಆಮೇಲೆ ತಿರುಗಿ ಹೆಂಗಸರ ಕಡೆ ನೋಡಿ, ಎಷ್ಟು ಜನ ಹೋಗಬಹುದು ಎಂದು ನನ್ನನ್ನೇ ಕೇಳಿದಳು.

"ಪತ್ತು ಪೇರು" ಎಂದೆ. ಹತ್ತು ಜನ. ಇಪ್ಪತ್ತು ಎನ್ನಬಹುದಿತ್ತು, ಬಾಯಿ ಬರಲಿಲ್ಲ.

ಅಷ್ಟರಲ್ಲಿ ಸೂಸೈ ಗ್ಯಾಸ್ ಸಿಲಿಂಡರಿನ ತಳ್ಳುಗಾಡಿಯನ್ನು ತಂದು ಸೇತುವೆಯ ಬಾಯಿಗೆ ಅಡ್ಡ ನಿಲ್ಲಿಸಿದ. ನನ್ನ ಮುಖ ನೋಡಲಿಲ್ಲ. ಒಬ್ಬರು ದಾಟುವಷ್ಟು ಸಂದು ಬಿಟ್ಟು, ಆ ತುದಿಗೆ ಹೋಗಿ ತಾನು ನಿಂತ. ಹತ್ತು ಜನ ಹೋಗುವುದು, ಹತ್ತು ಜನ ವಾಪಸ್ ಬಂದ ಮೇಲೆ ಇನ್ನು ಹತ್ತು. ಪ್ರತಿ ಸಲವೂ ಅವರು ನಡುವಿಗೆ ಬಂದಾಗ ನಾನು ಬಗ್ಗಿ ತೊಲೆ ನೋಡುತ್ತಿದ್ದೆ. ಆಕಾಶನೀಲಿ ಸೀರೆಯ ಮುದುಕಿ ಒಬ್ಬಳು ನಡುವೆಯೇ ಬುಟ್ಟಿ ಇಳಿಸಿ ಸುಧಾರಿಸಿಕೊಂಡಳು, ಪ್ರಾಣ ಹೋಯಿತು ನನಗೆ. ಲೂರ್ದು ಎನ್ನುವವಳಿಗೆ ಏಳು ತಿಂಗಳು ತುಂಬಿದೆ, ಅವಳ ಬುಟ್ಟಿಯನ್ನು ಅಮಲಾಳೇ ಹೊತ್ತಳು. ನಾಲ್ಕು ಗಂಟೆ ಹೀಗೇ. ಮೀನಿಗೆ ಬಿಸಿಲು ಬಿತ್ತು, ಬೆಲೆ ಇಳಿಯಿತು, ಕೊನೆಯ ಸಾಲಿನವರು ನನಗೆ ಶಾಪ ಹಾಕಿಕೊಂಡೇ ಹೋದರು. ಎಲ್ಲರೂ ದಡಕ್ಕೆ ಬಂದರು.

ಯಜಮಾನರಿಂದ ಹನ್ನೊಂದು ಮಿಸ್ಡ್ ಕಾಲ್ ಇದೆ. ಆಮೇಲೆ ನೋಡಿದರಾಯಿತು, ಹಸಿವಾಗುತ್ತಿದೆ.

ಜೂನ್ ೧೮, ಬುಧವಾರ

ಧಕ್ಕೆಯವರು ಕ್ರೇನ್ ತರಿಸಿ ಸೇತುವೆ ಎತ್ತಿಸಿ ನಮ್ಮ ಅಂಗಳಕ್ಕೆ ಕಳಿಸಿದರು. ಹೆಂಗಸರು ಮತ್ತೆ ಮರದ ಹಲಗೆಯ ಮೇಲೆ. ಸುಜಯೀಂದ್ರರು ಫೋನ್ ಮಾಡಿ ಸ್ವಲ್ಪ ದಿನ ಮನೆಯಲ್ಲೇ ಇರಿ ಎಂದರು. ನಾನು ಒಪ್ಪಿಕೊಂಡು, ಆ ಹಲಗೆಗಾದರೂ ಹಿಡಿದುಕೊಳ್ಳಲು ಒಂದು ಹಗ್ಗ ಕಟ್ಟಿಸಿ ಎಂದೆ. ಸಂಜೆಗೆ ಹಗ್ಗ ಕಟ್ಟಿಸಿದ್ದಾರೆ.

ಜೂನ್ ೨೧, ಶನಿವಾರ

ಸೂಸೈ ಫೋನ್ ಮಾಡಿದ. ಅಂಗಳದಲ್ಲಿ ಪರೀಕ್ಷೆ ಇದೆ, ನೀವಿರಬೇಕು ಎಂದ. ಯಜಮಾನರು ಕರೆದಿರಲಿಲ್ಲ, ಆದರೆ ನಾನು ಹೋದಾಗ ವಾಪಸ್ ಹೋಗಿ ಎಂದೂ ಅನ್ನಲಿಲ್ಲ.

ಪಟ್ಟಿ ಹಾಕದೆ, ಇದ್ದ ಹಾಗೇ ಇಟ್ಟು ಮರಳಿನ ಮೂಟೆ ಹೇರಿದರು. ಮೂಟೆಗೆ ಐವತ್ತು ಕಿಲೋ. ನೂರು ಮೂಟೆಯವರೆಗೆ ಏನೂ ಇಲ್ಲ. ಸುಜಯೀಂದ್ರರು ನನ್ನ ಕಡೆ ನೋಡಿದರು. ತಡೆದುಬಿಟ್ಟರೆ ನಾನು ಎಲ್ಲರ ಕಣ್ಣಿಗೆ ಹುಚ್ಚಿ. ಆದರೂ ತಡೆಯಲಿ, ದೇವರೇ ತಡೆಯಲಿ ಎಂದೇ ಬೇಡಿಕೊಳ್ಳುತ್ತಿದ್ದೆ, ಯಾಕೋ ಗೊತ್ತಿಲ್ಲ. ನೂರಿಪ್ಪತ್ತಕ್ಕೆ ತೊಲೆ ಬಗ್ಗಿದ್ದು ಕಣ್ಣಿಗೇ ಕಂಡಿತು. ನೂರ ನಲವತ್ತೊಂದನೆಯ ಮೂಟೆ ಇಡುವಾಗ ಟಪ್ ಎಂದಿತು, ದೊಡ್ಡ ಶಬ್ದವೇನಲ್ಲ. ಎರಡನೆಯ ಬ್ರ್ಯಾಕೆಟ್ಟಿನ ಪಕ್ಕ ಕೆಳಮೈ ಬಟ್ಟೆ ಹರಿದ ಹಾಗೆ ಬಿಟ್ಟುಕೊಂಡು, ಇಡೀ ಸೇತುವೆ ಕಟ್ಟೆಗಳ ನಡುವೆ ಕುಸಿದು ಕೂತಿತು.

ಬೆಸುಗೆ ಹಾಗೇ ಇತ್ತು. ಹರಿದಿದ್ದು ಅದರ ಪಕ್ಕದ ಒಂದು ಇಂಚು. ಸೂಸೈ ಬಗ್ಗಿ ಅದನ್ನು ಬೆರಳಿಂದ ಮುಟ್ಟಿ ನೋಡಿದ. ಏಳು ಟನ್ ಎಂದರೆ ಎಷ್ಟು ಜನ ಎಂದು ಕೇಳಿದ. ಬುಟ್ಟಿ ಹೊತ್ತವರಾದರೆ ಎಪ್ಪತ್ತು ಎಂದೆ. ಅವನು ಶೆಡ್ಡಿನ ಹಿಂದೆ ಹೋಗಿ ಬಹಳ ಹೊತ್ತು ಬರಲಿಲ್ಲ. ಸುಜಯೀಂದ್ರರು ಮೂಟೆಯ ಮೇಲೇ ಕೂತರು. ವರದಿ ಯಾರು ಬರೆಯೋದು ಮೇಡಂ ಎಂದರು. ನಾನೇ ಬರೆದು ಸಹಿ ಹಾಕಿ ಕೊಟ್ಟು ಬಂದೆ.

ಜೂನ್ ೨೩, ಸೋಮವಾರ

ಬೆಳಿಗ್ಗೆ ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ನಾನು ಫೋನಿನಲ್ಲಿ ಆರು ವರ್ಷದ ಫೋಟೊಗಳನ್ನು ಹಿಂದಕ್ಕೆ ನೋಡಿಕೊಂಡು ಹೋದೆ, ಎಲ್ಲೆಲ್ಲಿ ಹೆಬ್ಬೆರಳು ಎತ್ತಿದ್ದೇನೆ ಎಂದು. ನಲವತ್ತಕ್ಕೂ ಮೇಲಿದ್ದವು. ಹೆಚ್ಚಿನವು ಉಕ್ಕು, ಚಿಂತೆಯಿಲ್ಲ. ಅಲ್ಯೂಮಿನಿಯಂ ಮೂರು. ಎರಡರಲ್ಲಿ ಬೆಸುಗೆ ತುದಿಯಲ್ಲಿದೆ, ಸರಿ. ಮೂರನೆಯದು ಪೋರೂರಿನ ಒಂದು ಮದುವೆ ಛತ್ರ, ಮೇಳದವರು ಕೂರುವ ಅಟ್ಟ. ದೀಪ ತೂಗುಹಾಕಲು ತೊಲೆಯ ಕೆಳಗೆ ನಟ್ಟನಡುವೆ ಬೆಸುಗೆ ಹಾಕಿದ ನಾಲ್ಕು ಕೊಂಡಿ. ಕೆಳಗೆ ನನ್ನ ಹೆಬ್ಬೆರಳು.

ರೊಟ್ಟಿ ತಟ್ಟೆಗೆ ಬಿದ್ದಿತ್ತು. ಛತ್ರದ ನಂಬರ್ ಹುಡುಕಿ ಒತ್ತಿದೆ. ಎತ್ತಿದವರ ಮಾತು ನೆಟ್ಟಗೆ ಕೇಳಿಸಲಿಲ್ಲ, ಹಿಂದೆ ನಾದಸ್ವರ, ತವಿಲು, ಜನ. ಮುಹೂರ್ತದ ಹೊತ್ತು, ಆಮೇಲೆ ಮಾಡಿ ಎಂದರು. ಅಟ್ಟದ ಮೇಲೆ ಎಷ್ಟು ಜನ ಇದ್ದಾರೆ ಎಂದು ಕೇಳಿದೆ. ಮೇಳದವರು, ವಿಡಿಯೊದವರು, ನೋಡುವುದಕ್ಕೆ ಹತ್ತಿದ ನೆಂಟರು, ತುಂಬಿದೆ ಎಂದರು. ನಾನು ತುಂಗಾ, ಆ ಅಟ್ಟ ಮಾಡಿದವಳು, ಅದರಲ್ಲಿ ನನ್ನ ತಪ್ಪಿದೆ, ಈಗಲೇ ಇಳಿಸಿ, ಒಬ್ಬೊಬ್ಬರಾಗಿ ಇಳಿಸಿ ಎಂದೆ. ತಾಳಿ ಕಟ್ಟುವ ಹೊತ್ತಿನಲ್ಲಿ ಮೇಳ ನಿಲ್ಲಿಸಬಾರದಮ್ಮ ಎಂದು ಆ ಮನುಷ್ಯ ಅಳುವ ಹಾಗೆ ಹೇಳಿದ. ನಿಲ್ಲಿಸಿ ಎಂದೆ.

ಫೋನ್ ಕಿವಿಗೆ ಒತ್ತಿಕೊಂಡು ನಿಂತೆ. ಅಮ್ಮ ಒಲೆ ಆರಿಸಿದಳು. ಅಲ್ಲಿ ನಾದಸ್ವರ ನಡುವಿನಲ್ಲೇ ನಿಂತಿತು, ತವಿಲು ಎರಡು ಪೆಟ್ಟು ಹೆಚ್ಚಿಗೆ ಬಿದ್ದು ಅದೂ ನಿಂತಿತು. ಮೆಟ್ಟಿಲ ಮೇಲೆ ಕಾಲಿನ ಸದ್ದು ಕೇಳಿಸತೊಡಗಿತು. ಒಂದು, ಎರಡು, ಮೂರು ಎಂದು ಎಣಿಸಿದೆ. ಎಲ್ಲರೂ ಇಳಿದರು ಎಂದು ಆ ಮನುಷ್ಯ ಹೇಳುವ ಹೊತ್ತಿಗೆ ಮೂವತ್ತೊಂದಾಗಿತ್ತು.